ಅಪ್ಪನ ನಶ್ಯದ ಸೀಸೆ

ಹಳೆಯ ಮನೆತನಗಳಲ್ಲಿ ಒಂದೊಂದು ವಸ್ತು ಉಳಿದು ಬಂದಿರುತ್ತದೆ. ಒಂದು ಮನೆಯಲ್ಲಿ ತುಕ್ಕು ಹಿಡಿದ ಕತ್ತಿ, ಇನ್ನೊಂದರಲ್ಲಿ ಬೆಳ್ಳಿಯ ಅತ್ತರದಾನಿ, ಮತ್ತೊಂದರಲ್ಲಿ ಯಾರಿಗೂ ಓದಲು ಬಾರದ ಮೋಡಿ ಲಿಪಿಯ ಕಾಗದ. ವಸ್ತು ಎಷ್ಟೇ ಚಿಕ್ಕದಿರಲಿ, ಅದರ ಕಥೆ ಮಾತ್ರ ಮನೆಯ ತೊಲೆಗಳಿಗಿಂತ ಉದ್ದವಾಗಿರುತ್ತದೆ. ಆ ಕಥೆಯನ್ನು ಒರೆಗೆ ಹಚ್ಚುವ ಪ್ರಸಂಗ ಸಾಮಾನ್ಯವಾಗಿ ಬರುವುದಿಲ್ಲ. ಬಂದರೆ ಮನೆಯವರಿಗೆ ನಿದ್ದೆ ಬರುವುದಿಲ್ಲ.

ಕಲಬುರಗಿಯ ಅಂಚಿನಲ್ಲಿರುವ ತಾಜಸುಲ್ತಾನಪುರದ ಒಂದು ಮನೆಗೆ ಅಂಥ ಪ್ರಸಂಗ ಬಂದಿತು. ಶಹಾಬಾದಿನ ಪರಸಿ ಹಾಸಿದ ಪಡಸಾಲೆ, ಗೋಡೆಯಲ್ಲಿ ಹುದುಗಿದ ಮಾಡಗಳು, ಮೂಲೆಯಲ್ಲಿ ಕಬ್ಬಿಣದ ಪಟ್ಟಿ ಬಿಗಿದ ಹಳೆಯ ಸಂದೂಕ. ಮನೆಯ ಹಿರಿಯರು ಮೂವತ್ತೈದು ವರ್ಷ ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತರಾದ ಮಾಸ್ತರರು. ಅವರ ತಮ್ಮ ಒಕ್ಕಲುತನದವರು. ಸಂದೂಕದ ತಳದಲ್ಲಿ, ಅಪ್ಪನ ಉರ್ದು ಕಾಗದಪತ್ರಗಳ ಕೆಳಗೆ, ಮೆತ್ತನೆಯ ಬಟ್ಟೆಯಲ್ಲಿ ಸುತ್ತಿಟ್ಟ ಒಂದು ಚೀನೀ ಪಿಂಗಾಣಿಯ ನಶ್ಯದ ಸೀಸೆ ಇದ್ದಿತು.

ಅದರ ಎತ್ತರ ಎರಡೂವರೆ ಅಂಗುಲ. ಚಪ್ಪಟೆಯಾದ ದುಂಡು ಮೈ. ಮುಷ್ಟಿಯಲ್ಲಿ ಹಿಡಿದರೆ ಮರೆಯಾಗುವಂಥದು. ಹಾಲಿನ ಬಿಳುಪಿನ ಮೇಲೆ ಗುಲಾಬಿ ಬಣ್ಣದ ಕಮಲ, ಹಸಿರು ಎಲೆಗಳು, ಎಲೆಯ ಮರೆಯಿಂದ ಇಣುಕುವ ಒಂದು ಮಗು. ತಳದಲ್ಲಿ ಕೆಂಪು ಬಣ್ಣದ ನಾಲ್ಕು ಚೀನೀ ಅಕ್ಷರಗಳು. ಬಿರಡೆ ಮಾತ್ರ ಚೀನಾದ್ದಲ್ಲ. ಮೂಲದ ಬಿರಡೆ ಎಂದೋ ಬಿದ್ದು ಒಡೆದುಹೋದಾಗ, ಅಪ್ಪನು ಬೀದರಿನ ಕುಶಲಕರ್ಮಿಯೊಬ್ಬನಿಂದ ಕಪ್ಪು ಲೋಹದಲ್ಲಿ ಬೆಳ್ಳಿಯ ಎಳೆ ಕೂರಿಸಿದ ಬಿದರಿ ಬಿರಡೆಯನ್ನು ಮಾಡಿಸಿ ಹಾಕಿದ್ದನು. ಅಪ್ಪನು ಹೈದರಾಬಾದ್ ಸಂಸ್ಥಾನದ ಕಂದಾಯ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು. ಮಧ್ಯಾಹ್ನ ಕಡತದ ಮೇಲೆ ತೂಕಡಿಕೆ ಬಂದಾಗ ಈ ಸೀಸೆಯೇ ಅವನನ್ನು ಎಚ್ಚರಿಸುತ್ತಿತ್ತು.

ಮನೆಯ ಕಥೆ ಹೀಗಿದ್ದಿತು: ಅಪ್ಪನ ತಂದೆಗೆ ಹೈದರಾಬಾದಿನ ಒಬ್ಬ ನವಾಬರು ಲೆಕ್ಕಪತ್ರದ ಅಚ್ಚುಕಟ್ಟುತನವನ್ನು ಮೆಚ್ಚಿ ತಮ್ಮ ಕೈಯಾರೆ ಕೊಟ್ಟದ್ದು; ಅದು ಚೀನಾದ ಬಾದಶಹನ ಕಾಲದ್ದು. ಯಾವ ನವಾಬರು, ಯಾವ ಬಾದಶಹ ಎಂದು ಯಾರೂ ಕೇಳಿರಲಿಲ್ಲ. ಇತಿಹಾಸದ ಮಾಸ್ತರರು ಕೂಡ ಕೇಳಿರಲಿಲ್ಲ. ಪಾಠದ ಪುಸ್ತಕದಲ್ಲಿ ಒಂದು ಇಸವಿ ತಪ್ಪಿದರೆ ಸಿಡುಕುತ್ತಿದ್ದ ಅವರು ಮನೆಯ ಕಥೆಗೆ ಮಾತ್ರ ಇಸವಿ ಬೇಕೆನ್ನಲಿಲ್ಲ.

ಎರಡು ವರ್ಷ ಒಂದರ ಮೇಲೊಂದು ತಮ್ಮನ ತೊಗರಿ ನೆಟೆರೋಗಕ್ಕೆ ಸಿಕ್ಕು ಹೊಲದಲ್ಲೇ ಒಣಗಿತು. ಬ್ಯಾಂಕಿನ ಸಾಲ ಬೆಳೆಯಿತು. ಆ ಹೊತ್ತಿಗೆ ಹಳೆಯ ಬಾಗಿಲು, ಹಿತ್ತಾಳೆಯ ಸಾಮಾನು, ದೀಪದ ಕಂಬಗಳನ್ನು ಕೊಳ್ಳುತ್ತ ಊರೂರು ತಿರುಗುವ ವ್ಯಾಪಾರಿಯೊಬ್ಬನು ಬಂದನು. ಸೀಸೆಯನ್ನು ತಿರುವಿ, ತಳದ ಅಕ್ಷರಗಳನ್ನು ಕಂಡೊಡನೆ ಅವನ ಧ್ವನಿ ತಗ್ಗಿತು. ಹೀಗೆಯೇ ಕೊಟ್ಟರೆ ಒಂದು ಬೆಲೆ. ಮನೆಯ ಹಿರಿಯರು ಸೀಸೆಯ ಪೂರ್ವೋತ್ತರವನ್ನು ಬರೆದು ರುಜು ಮಾಡಿಕೊಟ್ಟರೆ ಅದರ ಹತ್ತು ಪಾಲು ಎಂದನು. ಬರೆಯಬೇಕಾದುದು ಇಷ್ಟೆ: ಇದು 1800ಕ್ಕಿಂತ ಹಿಂದಿನದು, ನವಾಬರ ಅರಮನೆಯಿಂದ ಬಂದದ್ದು. ಕೊಳ್ಳುವವರು ಹೊರದೇಶದಲ್ಲಿದ್ದಾರೆ. ಬಿದರಿಯ ಬಿರಡೆಯನ್ನು ಕಿತ್ತು ಹವಳದ ಬಿರಡೆ ಕೂರಿಸುವ ಕೆಲಸ ತನಗಿರಲಿ ಎಂದನು. ಹತ್ತು ಪಾಲು ಎಂದರೆ ಸಾಲ ತೀರಿ ಒಂದು ಹಿಡಿ ಉಳಿಯುವಷ್ಟು. ಮಾಸ್ತರರು ಒಂದು ತಿಂಗಳ ಅವಧಿ ಕೇಳಿದರು.

ಅಜ್ಜನ ಜೊತೆಗೆ ನಿಂತವಳು ಕಲಬುರಗಿಯಲ್ಲಿ ರಸಾಯನಶಾಸ್ತ್ರ ಓದುತ್ತಿದ್ದ ಮೊಮ್ಮಗಳು. ಇಬ್ಬರೂ ಮೊದಲು ಮಾಡಿದ್ದು ಓದು. ತಂಬಾಕು ಅಮೆರಿಕದ ಗಿಡ. ನಮ್ಮ ಸೀಮೆಗೂ ಅದಕ್ಕೂ ನಂಟು ಹಳೆಯದು. ಹದಿನೇಳನೆಯ ಶತಮಾನದ ಮೊದಲ ವರ್ಷಗಳಲ್ಲಿ ಅಕ್ಬರನ ರಾಯಭಾರಿ ಅಸದ್ ಬೇಗನು ಆದಿಲಶಾಹಿಗಳ ಬಿಜಾಪುರದಲ್ಲಿ ತಂಬಾಕನ್ನು ಮೊದಲ ಬಾರಿ ಕಂಡು, ಅಲ್ಲಿಂದಲೇ ಕೊಂಡೊಯ್ದು ಬಾದಶಹನ ಮುಂದಿಟ್ಟನು. ಚೀನಾಕ್ಕೆ ನಶ್ಯವನ್ನು ಪರಿಚಯಿಸಿದವರು ಯುರೋಪಿನವರು. ಕಾಂಗ್‌ಶೀ ಚಕ್ರವರ್ತಿಯು 1684ರಲ್ಲಿ ದಕ್ಷಿಣದ ಪ್ರವಾಸದಲ್ಲಿದ್ದಾಗ, ಕ್ರೈಸ್ತ ಪಾದ್ರಿಗಳು ಒಪ್ಪಿಸಿದ ಕಾಣಿಕೆಗಳಲ್ಲಿ ಉಳಿದುದನ್ನು ಮರಳಿಸಿ ನಶ್ಯವನ್ನು ಮಾತ್ರ ಇಟ್ಟುಕೊಂಡನಂತೆ. ಯುರೋಪಿನವರು ನಶ್ಯವನ್ನು ಡಬ್ಬಿಯಲ್ಲಿಟ್ಟರು. ಚೀನಾದವರು ಔಷಧದ ಪುಡಿಯನ್ನು ತುಂಬಿಡುತ್ತಿದ್ದಂತೆ ಪುಟ್ಟ ಸೀಸೆಯಲ್ಲಿಟ್ಟರು. ಬಾಯಿ ಕಿರಿದು, ಬಿರಡೆ ಬಿಗಿ. ತೇವಕ್ಕೆ ಪುಡಿ ಗಂಟು ಕಟ್ಟುವುದಿಲ್ಲ. ಬಿರಡೆಗೆ ಅಂಟಿದ ಸಣ್ಣ ಚಮಚದಿಂದ ಒಂದು ಚಿಟಿಕೆ ತೆಗೆದರಾಯಿತು. ಆರಂಭದ ಸೀಸೆಗಳಲ್ಲಿ ಗಾಜಿನವು ಮುಖ್ಯ. ಕಾಂಗ್‌ಶೀಯು 1696ರಲ್ಲಿ ಅರಮನೆಯಲ್ಲಿಯೇ ಗಾಜಿನ ಕಾರ್ಖಾನೆಯನ್ನು ತೆರೆಸಿದನು. ಜಿಂಗ್‌ಡೆಜೆನ್ ಊರಿನ ಪಿಂಗಾಣಿಯ ಭಟ್ಟಿಗಳಿಂದ ನಶ್ಯದ ಸೀಸೆಗಳು ಹೇರಳವಾಗಿ ಹೊರಬಿದ್ದುದು ಅನಂತರ, ಹದಿನೆಂಟನೆಯ ಶತಮಾನದ ಕೊನೆಗೆ ಹಾಗೂ ಹತ್ತೊಂಬತ್ತನೆಯ ಶತಮಾನದಲ್ಲಿ.

ಈ ಓದಿನಲ್ಲಿಯೇ ಮಾಸ್ತರರಿಗೆ ಈಜಿಪ್ಟಿನ ಪ್ರಸಂಗವೊಂದು ದೊರೆಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿನ ಪ್ರಾಚೀನ ಗೋರಿಗಳಲ್ಲಿ ಸಿಕ್ಕವೆಂದು ಹೇಳಲಾದ ಪುಟ್ಟ ಚೀನೀ ಪಿಂಗಾಣಿ ಸೀಸೆಗಳು ಪಂಡಿತರ ಕೈಸೇರಿದವು. ಇಟಲಿಯ ರೊಸೆಲ್ಲಿನಿ ಎಂಬ ವಿದ್ವಾಂಸನು ಅಂಥದೊಂದನ್ನು ಗೋರಿಯಲ್ಲೇ ಕಂಡುದಾಗಿ ಹೇಳಿದನು. ಫೇರೋಗಳ ಕಾಲದಲ್ಲಿಯೇ ಚೀನಾದೊಡನೆ ವ್ಯಾಪಾರವಿತ್ತೆಂದು ಹಲವರು ಸಂಭ್ರಮಿಸಿದರು. ಚೀನೀ ಭಾಷೆ ಬಲ್ಲವರು ಸೀಸೆಯ ಮೇಲಿನ ಬರಹವನ್ನು ಓದಿದಾಗ ಸಂಭ್ರಮ ಇಳಿಯಿತು. ಅವು ತಾಂಗ್ ರಾಜವಂಶದ ಕಾಲದ, ಎಂದರೆ 618ರಿಂದ 907ರವರೆಗಿನ ಕವಿಗಳ ಸಾಲುಗಳಾಗಿದ್ದವು. ಗೋರಿಗೂ ಕವಿತೆಗೂ ನಡುವೆ ಸಾವಿರದ ಐನೂರು ವರ್ಷಕ್ಕೂ ಮಿಕ್ಕಿದ ಅಂತರ. ಸೀಸೆಗಳಾದರೋ ಕವಿತೆಗಿಂತಲೂ ಎಷ್ಟೋ ಈಚಿನವು. ದೊಡ್ಡ ದೊಡ್ಡ ಪಂಡಿತರೇ ಒಂದು ಸಣ್ಣ ಸೀಸೆಯಿಂದ ಮೋಸಹೋದರಲ್ಲ ಎಂದು ಮಾಸ್ತರರಿಗೆ ಆ ರಾತ್ರಿ ಸ್ವಲ್ಪ ಸಮಾಧಾನವೇ ಆಯಿತು.

ಮುಂದಿನ ವಾರ ಇಬ್ಬರೂ ರೈಲು ಹತ್ತಿ ಹೈದರಾಬಾದಿಗೆ ಹೋದರು. 1956ರ ನವೆಂಬರ್ 1ರವರೆಗೆ ಕಲಬುರಗಿಗೆ ಹೈದರಾಬಾದೇ ರಾಜಧಾನಿ. ಹಿರಿಯರಿಗೆ ಅದು ಇಂದಿಗೂ ಪರಸ್ಥಳವಲ್ಲ. ಮೂಸಿ ನದಿಯ ದಂಡೆಯ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ ಮೂರನೆಯ ಸಾಲಾರ್ ಜಂಗ್ ಮೀರ್ ಯೂಸುಫ್ ಅಲಿ ಖಾನರು 1949ರಲ್ಲಿ ತೀರಿಕೊಳ್ಳುವವರೆಗೂ ಕೂಡಿಹಾಕಿದ ಲೋಕದ ವಸ್ತುಗಳೆಲ್ಲ ಇವೆ. ಗಂಟೆ ಹೊಡೆಯುವ ಗಡಿಯಾರದ ಮುಂದೆ ಜನ ನೆರೆದಿದ್ದ ಹೊತ್ತಿನಲ್ಲಿ ಅಜ್ಜ ಮೊಮ್ಮಗಳು ಚೀನಾದ ಕೋಣೆಗಳಲ್ಲಿ ಕಪಾಟಿನ ಗಾಜಿಗೆ ಮೂಗು ತಾಗಿಸಿ ನಿಂತಿದ್ದರು. ವಿಷವಿಟ್ಟರೆ ಒಡೆದುಹೋಗುತ್ತದೆಂದು ಒಂದು ಕಾಲದಲ್ಲಿ ಸುಲ್ತಾನರು ನಂಬಿದ್ದ ಹಸಿರು ಛಾಯೆಯ ಚೀನೀ ತಟ್ಟೆಗಳ ಕಥೆಯನ್ನು ಮಾಸ್ತರರು ಹೇಳಿದರು. “ಹಂಗಾದರ ಪಿಂಗಾಣಿ ಮ್ಯಾಲೆ ಕಥಿ ಕಟ್ಟೋದು ನಮ್ಮ ಮನಿಯವರೊಬ್ಬರೇ ಅಲ್ಲ, ಮುತ್ಯಾ” ಎಂದಳು ಹುಡುಗಿ.

ಪರಿಚಿತರ ಮೂಲಕ, ಇಂಥ ವಸ್ತುಗಳ ನಡುವೆಯೇ ಆಯುಷ್ಯ ಕಳೆದ ನಿವೃತ್ತ ಅಧಿಕಾರಿಯೊಬ್ಬರ ಭೇಟಿಯಾಯಿತು. ಮಾಸ್ತರರು ಸೀಸೆಯ ತಳವನ್ನು ಮೇಲೆ ಮಾಡಿ ಮುಂದಿಟ್ಟರು. ವೃದ್ಧರು ನಕ್ಕು ಅದನ್ನು ನೆಟ್ಟಗೆ ನಿಲ್ಲಿಸಿದರು. ತಳದ ಮುದ್ರೆಯನ್ನು ಎಲ್ಲಕ್ಕಿಂತ ಕೊನೆಗೆ ನೋಡಬೇಕು, ಮೊದಲು ನೋಡಿದರೆ ಕಣ್ಣು ಬೇರೇನನ್ನೂ ನೋಡುವುದಿಲ್ಲ ಎಂದು ಉರ್ದುವಿನಲ್ಲಿ ಹೇಳಿದರು.

ಅವರ ಕ್ರಮ ಹೀಗೆ. ಮೊದಲು ಬಾಯಿ: ಬಳಕೆಗೆಂದು ಮಾಡಿದ ಸೀಸೆಯ ಬಾಯಿ ಕಿರಿದಾಗಿ, ಚಮಚ ಆಡುವಷ್ಟು ಮಾತ್ರ ಇರುತ್ತದೆ, ಪ್ರವಾಸಿಗರಿಗೆ ಮಾರಲು ಈಚೆಗೆ ಮಾಡಿದವುಗಳಲ್ಲಿ ಆ ಅಳತೆಯ ಪರಿವೆ ಕಡಿಮೆ. ಅನಂತರ ಒಳಮೈ: ದೀಪ ಹಿಡಿದು ನೋಡಿದರೆ ಹಳೆಯ ನಶ್ಯದ ಕಂದು ಕಲೆ ಕಾಣಬೇಕು. ಆದರೆ ಚಹದ ಕಷಾಯ ಹೊಯ್ದು ಆ ಕಲೆ ಮಾಡುವವರೂ ಉಂಟು. ಆಮೇಲೆ ಪಾದ: ಮೆರುಗು ಹಚ್ಚದೆ ಬಿಟ್ಟ ಪಾದದ ಅಂಚಿನಲ್ಲಿ ಪಿಂಗಾಣಿಯ ಬರಿಯ ಮೈ ಕಾಣುತ್ತದೆ. ವರ್ಷಗಟ್ಟಲೆ ಮೇಜಿನ ಮೇಲೆ, ಜೇಬಿನಲ್ಲಿ ಸವೆದ ಅಂಚಿನ ಗೀರುಗಳಿಗೆ ದಿಕ್ಕಿಲ್ಲ, ಅಡ್ಡಾದಿಡ್ಡಿ. ಮರಳುಕಾಗದದಿಂದ ತಿಕ್ಕಿ ಹಳತು ಮಾಡಿದರೆ ಗೀರುಗಳೆಲ್ಲ ಒಂದೇ ಕಡೆಗೆ ಸಾಲುಗಟ್ಟುತ್ತವೆ. ಭೂತಗನ್ನಡಿಯಲ್ಲಿ ಮನೆಯ ಸೀಸೆಯ ಗೀರುಗಳು ಅಡ್ಡಾದಿಡ್ಡಿಯಾಗಿಯೇ ಕಂಡವು. ನೇರಳಾತೀತ ದೀಪದ ಕೆಳಗೆ ಹಿಡಿದರು; ಈಚೆಗೆ ಮೆತ್ತಿದ ಬಣ್ಣ, ಅಂಟು ಇದ್ದರೆ ಅದು ಬೇರೆಯಾಗಿ ಹೊಳೆಯುತ್ತದೆ. ಹಾಗೇನೂ ಹೊಳೆಯಲಿಲ್ಲ. ಮಾಸ್ತರರ ಮುಖ ಅರಳಿತು.

ಬಳಿಕ ಬಣ್ಣಗಳು. ಆ ಗುಲಾಬಿ ಬಣ್ಣ ಚಿನ್ನದ ಅತಿಸೂಕ್ಷ್ಮ ಕಣಗಳಿಂದ ಬರುವುದು. ಚೀನಾದ ಪಿಂಗಾಣಿಯ ಮೇಲೆ ಅದು ಕಾಣಿಸಿಕೊಂಡುದು ಸುಮಾರು 1720ರ ಹೊತ್ತಿಗೆ. ಗುಲಾಬಿ ಇದ್ದರೆ ಅದಕ್ಕಿಂತ ಹಿಂದಿನದಲ್ಲ ಎನ್ನಬಹುದು. ಎಷ್ಟು ಈಚಿನದೆಂದು ಗುಲಾಬಿ ಹೇಳಲಾರದು. ಹಸಿರನ್ನು ಕಂಡಾಗ ವೃದ್ಧರು ಭೂತಗನ್ನಡಿಯನ್ನು ಕೆಳಗಿಡದೆ ಬಹಳ ಹೊತ್ತು ನೋಡಿದರು. ಈ ಎಲೆಯ ಹಸಿರು ತೀರ ಗಟ್ಟಿಯಾಗಿದೆ, ಇದನ್ನು ಯಂತ್ರಕ್ಕೆ ತೋರಿಸಿರಿ ಎಂದರು.

ಕೊನೆಗೆ ಮುದ್ರೆ. ನಾಲ್ಕು ಅಕ್ಷರಗಳ ಅರ್ಥ ‘ಚಿಯೆನ್‌ಲುಂಗ್ ಆಳ್ವಿಕೆಯ ವರ್ಷಗಳಲ್ಲಿ ಮಾಡಿದ್ದು’ ಎಂದು. ಆ ಆಳ್ವಿಕೆ 1736ರಿಂದ 1795ರವರೆಗೆ. ಆದರೆ ಆ ಹೆಸರನ್ನು ಅನಂತರದ ಕುಂಬಾರರೂ ಧಾರಾಳವಾಗಿ ಬರೆದರು. ಕೆಲವರು ಮೋಸಕ್ಕಾಗಿ ಬರೆದಿರಬಹುದು. ಅನೇಕರು ಬರೆದುದು ಪೂರ್ವಿಕರ ಕಸುಬಿಗೆ ಕೈಮುಗಿಯುವ ಭಾವದಿಂದ, ಒಳ್ಳೆಯ ಕಾಲದ ಹೆಸರೆಂಬ ಗೌರವದಿಂದ. ಆದ್ದರಿಂದ ಮುದ್ರೆ ಇದ್ದ ಮಾತ್ರಕ್ಕೆ ವಸ್ತು ಆ ಕಾಲದ್ದಲ್ಲ. ಮುದ್ರೆ ಆ ಕಾಲದ್ದಲ್ಲವೆಂದ ಮಾತ್ರಕ್ಕೆ ವಸ್ತು ಕಳ್ಳಮಾಲೂ ಅಲ್ಲ.

ಭಟ್ಟಿಯಲ್ಲಿ ಸುಟ್ಟ ವಸ್ತುವಿನ ವಯಸ್ಸನ್ನು ಉಷ್ಣದೀಪ್ತಿಯಿಂದ ಅಳೆಯುವ ಒಂದು ಪರೀಕ್ಷೆಯಿದೆ. ಅದಕ್ಕೆ ಮೈಯನ್ನು ಕೊರೆದು ಪುಡಿ ತೆಗೆಯಬೇಕು. ಎರಡೂವರೆ ಅಂಗುಲದ ಸೀಸೆಯನ್ನು ಕೊರೆಯುವುದು ಮಗುವಿನ ವಯಸ್ಸು ತಿಳಿಯಲು ಹಲ್ಲು ಕಿತ್ತಂತೆ. ಕ್ಷ-ಕಿರಣದ ಪರೀಕ್ಷೆಗೆ ಆ ಹಿಂಸೆ ಬೇಡ. ಕಿರಣವನ್ನು ಹಾಯಿಸಿದಾಗ ವಸ್ತುವಿನಲ್ಲಿರುವ ಬಹುಪಾಲು ಧಾತುಗಳು ಒಂದೊಂದೂ ತನ್ನದೇ ಗುರುತಿನ ಕಿರಣವನ್ನು ಹಿಂದಿರುಗಿಸುತ್ತವೆ. ಸರಾಫರು ಚಿನ್ನದ ಅಪ್ಪಟತನವನ್ನು ತಿಳಿಯಲು ಈಗ ಬಳಸುವುದೂ ಇದೇ ವಿದ್ಯೆ. ಮೊಮ್ಮಗಳು ತನ್ನ ಅಧ್ಯಾಪಕರ ಶಿಫಾರಸಿನಿಂದ ಒಂದು ಪ್ರಯೋಗಾಲಯದಲ್ಲಿ ಅದನ್ನು ಮಾಡಿಸಿದಳು. ಸಂಜೆ ಪಡಸಾಲೆಯಲ್ಲಿ ಕುಳಿತು ಕಾಗದವನ್ನು ಬಿಚ್ಚಿದಾಗ ಅವಳ ಧ್ವನಿ ಕುಗ್ಗಿತ್ತು.

“ಮುತ್ಯಾ, ಚೀನಾದ ಹಳೇ ಹಸಿರು ತಾಮ್ರದಿಂದ ಬರೋದು. ಈ ಎಲಿಯೊಳಗ ಕ್ರೋಮಿಯಂ ಅದ. ಕ್ರೋಮಿಯಂ ಅಂಬೋ ಧಾತು ಕಂಡುಹಿಡಿದದ್ದೇ 1797ರಾಗ, ಫ್ರಾನ್ಸಿನ ವೋಕ್ಲಾಂ ಅಂಬಾತ.”

ಇಸವಿಗಳನ್ನು ಕೂಡಿ ಕಳೆಯುವುದು ಮಾಸ್ತರರಿಗೆ ಹೊಸದಲ್ಲ. ಆಳ್ವಿಕೆ ಮುಗಿದುದು 1795ಕ್ಕೆ. ಧಾತು ದೊರೆತುದು 1797ರಲ್ಲಿ. ಅದು ಬಣ್ಣವಾಗಿ, ಪಿಂಗಾಣಿಗೆ ಹೊಂದಿ, ಸಮುದ್ರ ದಾಟಿ ಚೀನಾದ ಕುಂಬಾರನ ಬಟ್ಟಲಿಗೆ ಬೀಳಲು ಇನ್ನೂ ಎಷ್ಟೋ ದಶಕ. ಸೀಸೆಯ ಮೇಲೆ ಆಮೇಲೆ ಬಣ್ಣ ಮೆತ್ತಿಲ್ಲವೆಂಬುದನ್ನು ನೇರಳಾತೀತ ದೀಪವೇ ಹೇಳಿತ್ತು. ಅಂದ ಮೇಲೆ ಸೀಸೆ ಹತ್ತೊಂಬತ್ತನೆಯ ಶತಮಾನದ ಕೊನೆಯದೋ ಇಪ್ಪತ್ತನೆಯದರ ಆರಂಭದ್ದೋ ಆಗಿರಬೇಕು. ಹೈದರಾಬಾದಿನ ವೃದ್ಧರೂ ದೂರವಾಣಿಯಲ್ಲಿ ಅಷ್ಟನ್ನೇ ಹೇಳಿ, ಅದಕ್ಕಿಂತ ಹತ್ತಿರಕ್ಕೆ ಇಸವಿಯನ್ನು ಒತ್ತಬೇಡಿರೆಂದರು.

ಅಪ್ಪನ ತಂದೆ ಹೈದರಾಬಾದಿನಲ್ಲಿದ್ದುದು 1910ರ ಸುಮಾರಿಗೆ. ನವಾಬರೊಬ್ಬರು ಆಗ ಸೀಸೆ ಕೊಟ್ಟಿರಬಹುದು. ಅವರು ಪೇಟೆಯಲ್ಲಿ ಕೊಂಡೂ ಇರಬಹುದು. ಕಥೆಯ ಆ ಭಾಗವನ್ನು ಯಾವ ಕಿರಣವೂ ಒಡೆಯಲಿಲ್ಲ, ಯಾವ ಕಿರಣವೂ ಗಟ್ಟಿಮಾಡಲಿಲ್ಲ. ಒಡೆದುದು ಬಾದಶಹನ ಕಾಲ ಮಾತ್ರ.

ತಮ್ಮನಿಗೆ ಈ ಲೆಕ್ಕ ರುಚಿಸಲಿಲ್ಲ. ಅವನ ಎದೆಯ ಮೇಲೆ ಬೇರೊಂದು ಲೆಕ್ಕ ಕುಳಿತಿತ್ತು. “ನಾಲ್ಕು ಸಾಲು ಬರೆದರ ನಿನ್ನ ಗಂಟೇನು ಹೋಗ್ತದಣ್ಣಾ? ಸೀಸೆ ನಮ್ದು, ಮುತ್ಯಾ ನಮ್ಮವ, ಕಥಿ ನಮ್ದು.”

“ಕಥಿ ನಮ್ದು ಖರೆ. ಇಸವಿ ನಮ್ದಲ್ಲ” ಎಂದರು ಮಾಸ್ತರರು.

“ಕೊಳ್ಳಾವಗ ರೊಕ್ಕ ಹೆಚ್ಚಾಗ್ಯಾದ. ಅವನೇನು ಉಪವಾಸ ಸಾಯ್ತಾನ?”

ಮಾಸ್ತರರಿಗೆ ಇದಕ್ಕೆ ಉತ್ತರ ತಟ್ಟನೆ ಹೊಳೆಯಲಿಲ್ಲ. ತಮ್ಮನ ಕಷ್ಟ ಸುಳ್ಳಾಗಿರಲಿಲ್ಲ. ಸಾಲ ಮಾಡಿ ಅವನು ಜೂಜಾಡಿರಲಿಲ್ಲ, ಬಿತ್ತಿದ್ದನು. ರಾತ್ರಿ ಅವರು ಎರಡು ಬಾರಿ ಕಾಗದ ತೆಗೆದು, ಎರಡು ಬಾರಿಯೂ ತಾರೀಖಿನ ಬಳಿ ಲೇಖನಿಯನ್ನು ನಿಲ್ಲಿಸಿದರು. ಮೂವತ್ತೈದು ವರ್ಷ ಹುಡುಗರ ಉತ್ತರಪತ್ರಿಕೆಗಳಲ್ಲಿ ತಪ್ಪು ಇಸವಿಯ ಸುತ್ತ ಕೆಂಪು ಗೆರೆ ಎಳೆದ ಕೈ ಅದು. ಆ ಹುಡುಗರಲ್ಲಿ ಬಡವರ ಮಕ್ಕಳಿದ್ದರು, ಒಂದೇ ಅಂಕದಿಂದ ನಪಾಸಾದವರೂ ಇದ್ದರು.

ಮೊಮ್ಮಗಳು ಕಾನೂನನ್ನೂ ಹುಡುಕಿ ತಂದಿದ್ದಳು. 1972ರ ಪ್ರಾಚ್ಯವಸ್ತು ಕಾಯಿದೆಯಂತೆ ನೂರು ವರ್ಷಕ್ಕೆ ಮೇಲ್ಪಟ್ಟ ಕಲಾಕೃತಿಯನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಎಂದರೆ, ಯಾವ ಪತ್ರ ಸೀಸೆಯನ್ನು ಹಳೆಯದೆಂದು ಸಾರಿ ಬೆಲೆ ಏರಿಸುವುದೋ ಅದೇ ಪತ್ರ ಅದನ್ನು ಗಡಿ ದಾಟಿಸುವುದು ಅಪರಾಧವೆಂದೂ ಸಾರುತ್ತದೆ. ವ್ಯಾಪಾರಿಗೆ ಇದು ತಿಳಿಯದ ಸಂಗತಿಯಾಗಿರಲಾರದು. ಪತ್ರದ ಕೆಳಗೆ ರುಜು ಇರಬೇಕಾಗಿದ್ದುದು ಅವನದಲ್ಲ.

ತಿಂಗಳು ತುಂಬಿದ ದಿನ ವ್ಯಾಪಾರಿ ಬಂದಾಗ ಮಾಸ್ತರರು ಒಂದು ಕಾಗದವನ್ನು ಕೊಟ್ಟರು. ಈ ಸೀಸೆಯನ್ನು ತಾವು ಬಾಲ್ಯದಿಂದ ಮನೆಯಲ್ಲಿ ಕಂಡಿರುವುದು ನಿಜ, ತಂದೆಯವರು 1978ರಲ್ಲಿ ತೀರಿಕೊಳ್ಳುವವರೆಗೆ ಇದರಿಂದ ನಶ್ಯ ಸೇದುತ್ತಿದ್ದುದು ನಿಜ, ಬಿರಡೆ ಬೀದರಿನದು, ನವಾಬರ ಮಾತು ಕೇಳಿ ಬಂದದ್ದು, ಹಸಿರಿನಲ್ಲಿ ಕ್ರೋಮಿಯಂ ಇರುವುದರಿಂದ ತಳದ ಮುದ್ರೆಯ ಕಾಲಕ್ಕೆ ಇದು ಸೇರಿದ್ದಲ್ಲ. ವ್ಯಾಪಾರಿ ಓದಿ, ಕಾಗದವನ್ನು ಸೌಜನ್ಯದಿಂದಲೇ ಮಡಿಸಿ ಮರಳಿ ಇಟ್ಟನು. ಇಷ್ಟು ಚೊಕ್ಕಟವಾದ ಪತ್ರ ತಮ್ಮ ಕಸುಬಿಗೆ ಬೇಡವೆಂದು ಹೇಳಿ, ಪತ್ರವಿಲ್ಲದ ಸೀಸೆಗೆ ಮೊದಲಿನ ಸಣ್ಣ ಬೆಲೆಯನ್ನೇ ಎತ್ತಿದನು. ಅಷ್ಟಕ್ಕೆ ತಮ್ಮನೇ ಬೇಡವೆಂದು ತಲೆಯಾಡಿಸಿದನು. ಮರುದಿನ ಮಾಸ್ತರರು ಅಂಚೆ ಕಚೇರಿಗೆ ಹೋಗಿ ತಮ್ಮ ಠೇವಣಿಯನ್ನು ಬಿಡಿಸಿ ತಮ್ಮನ ಬ್ಯಾಂಕಿಗೆ ಕಟ್ಟಿಬಂದರು. ಸಾಲದಲ್ಲಿ ಅರ್ಧಕ್ಕಿಂತ ತುಸು ಕಡಿಮೆ ತೀರಿತು. ತಮ್ಮನು ಕೆಲವು ವಾರ ಈ ಮನೆಯ ಕಡೆ ಹಾಯಲಿಲ್ಲ.

ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವಾಗ ಎಲ್ಲರೂ ಸೇರಲೇಬೇಕು. ಆ ವರ್ಷ ತೊಗರಿ ಪರವಾಗಿಲ್ಲ ಎನ್ನುವಷ್ಟು ನಿಂತಿತ್ತು. ಬಜ್ಜಿ, ಸಜ್ಜೆಯ ರೊಟ್ಟಿ ಉಂಡು ಮರದ ನೆರಳಿನಲ್ಲಿ ಕುಳಿತಾಗ, ಮೊಮ್ಮಗಳು ಗೆಳತಿಗೆ ತೋರಿಸಲೆಂದು ತಂದಿದ್ದ ಸೀಸೆ ಕೈಯಿಂದ ಕೈಗೆ ಹಾಯುತ್ತ ತಮ್ಮನ ಬಳಿಗೆ ಬಂದಿತು. ಅವನು ತಳವನ್ನು ನೋಡಲಿಲ್ಲ. ಬಿದರಿ ಬಿರಡೆಯನ್ನು ತೆಗೆದು ಬಾಯಿಯನ್ನು ಮೂಗಿನ ಹತ್ತಿರ ಹಿಡಿದನು. ಸ್ವಲ್ಪ ಹೊತ್ತು ಹಾಗೆಯೇ ಇದ್ದನು.

“ಅಪ್ಪನ ವಾಸನಿ ಇನ್ನಾ ಅದ, ಅಣ್ಣಾ” ಎಂದನು.

ಮಾಸ್ತರರು ಕೈ ಚಾಚಿದರು. ತಮ್ಮನು ಬಿರಡೆಯನ್ನು ಬಿಗಿಯಾಗಿ ಕೂರಿಸಿ ಸೀಸೆಯನ್ನು ಕೊಟ್ಟನು.